ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್‌ಗೆ ಎಲ್ಲಿ ಸೇರಲಿ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಗಣಿತ, ಸಂಖ್ಯಾಶಾಸ್ತ್ರ ನನ್ನ ವಿಷಯಗಳು. ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಮಾಡುವ ಆಸೆ. ಮನೆಯಲ್ಲಿ ಡೇಟಾ ಸೈನ್ಸ್ ಮಾಡು ಅಂತಾರೆ. ಯಾವ ವಿಶ್ವವಿದ್ಯಾಲಯ ಆರಿಸಲಿ?

ಉತ್ತರ: ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ಸಿಲಬಸ್ ನೋಡಿ. ಪ್ರಾಬಬಿಲಿಟಿ, ಇನ್‌ಫರೆನ್ಸ್ (ಕೆಲವೇ ಅಂಕಿಗಳಿಂದ ಇಡೀ ಗುಂಪಿನ ಬಗ್ಗೆ ತೀರ್ಮಾನಕ್ಕೆ ಬರುವುದು), ಲೀನಿಯರ್ ಮಾಡೆಲ್ಸ್, ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್. ಈ ನಾಲ್ಕೂ ಕಡ್ಡಾಯವಾಗಿ ಇವೆಯಾ? ಇಲ್ಲದಿದ್ದರೆ ಕ್ಯಾಂಪಸ್ ಎಷ್ಟೇ ಚೆನ್ನಾಗಿದ್ದರೂ ನಾನು ಬೇಡ ಅಂತಲೇ ಹೇಳುತ್ತೇನೆ.

ಯಾಕೆ ಅಂತ ನಮ್ಮ ಊರಿನ ಕಡೆಯಿಂದಲೇ ಹೇಳುತ್ತೇನೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಅಂಥ ಕಡೆ ಮೂರು ಗೊಬ್ಬರಗಳಲ್ಲಿ ಯಾವುದು ಮೇಲು ಅಂತ ನೋಡಬೇಕು ಅಂದುಕೊಳ್ಳಿ. ತೋಟ ಇಳಿಜಾರಿನಲ್ಲಿದೆ. ಕೆಳಗಿನ ಗಿಡಗಳಿಗೆ ತೇವ ಜಾಸ್ತಿ, ಮೇಲಿನವಕ್ಕೆ ಕಡಿಮೆ. ಒಂದು ಗೊಬ್ಬರವನ್ನು ಕೆಳಗೆ, ಇನ್ನೊಂದನ್ನು ಮೇಲೆ ಹಾಕಿದರೆ ಇಳುವರಿ ಹೆಚ್ಚಿದ್ದು ಗೊಬ್ಬರದಿಂದಲೋ ತೇವದಿಂದಲೋ ಗೊತ್ತಾಗುವುದಿಲ್ಲ. ಅದಕ್ಕೇ ಇಳಿಜಾರಿಗೆ ಅಡ್ಡಲಾಗಿ ಪಟ್ಟಿಗಳನ್ನು ಮಾಡಿ, ಪ್ರತಿ ಪಟ್ಟಿಯಲ್ಲೂ ಮೂರೂ ಗೊಬ್ಬರ ಬರುವ ಹಾಗೆ ಚೀಟಿ ಎತ್ತಿ ಹಂಚಬೇಕು. ಇದೇ ಬ್ಲಾಕ್ ಡಿಸೈನ್, ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್‌ನಲ್ಲಿ ಕಲಿಯುವುದು ಇದನ್ನೇ. ಮೊದಲೇ ಹೀಗೆ ಮಾಡದಿದ್ದರೆ ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಆ ಅಂಕಿಗಳಿಂದ ಸತ್ಯ ಹೊರಡದು.

ಎಷ್ಟೋ ಡೇಟಾ ಸೈನ್ಸ್ ಕೋರ್ಸ್‌ಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಇನ್‌ಫರೆನ್ಸ್ ಗಟ್ಟಿಯಾಗಿ ಕಲಿತವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕೆಲವು ತಿಂಗಳಲ್ಲಿ ಕಲಿಯುತ್ತಾರೆ. ಪೈಥಾನ್ ಮಾತ್ರ ಬಲ್ಲವರು ಇನ್‌ಫರೆನ್ಸ್ ಅನ್ನು ಒಬ್ಬರೇ ಕೂತು ಕಲಿಯುವುದು ಬಹಳ ಕಷ್ಟ. ಮನೆಯವರಿಗೆ ಇದನ್ನೇ ಹೇಳಿ.

ಇನ್ನು ಜಾಗದ ಮಾತು. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಕೊಣಾಜೆಯ ಮಂಗಳಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಈ ನಾಲ್ಕೂ ಕಡೆ ಸಂಖ್ಯಾಶಾಸ್ತ್ರ ವಿಭಾಗ ಇದೆ. ಐಐಟಿ ಕಾನ್ಪುರ, ಬಾಂಬೆಗೆ ಹೋಗಬೇಕಾದರೆ ಜಾಮ್ ಪರೀಕ್ಷೆ ಬರೆಯಬೇಕು. ಅದರಲ್ಲಿ ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್ ಅಂತಲೇ ಬೇರೆ ಪತ್ರಿಕೆ ಇದೆ. ಪರೀಕ್ಷೆ ಫೆಬ್ರವರಿಯಲ್ಲಿ, ಅರ್ಜಿ ಮಾತ್ರ ಹಿಂದಿನ ವರ್ಷದ ಸೆಪ್ಟೆಂಬರ್ ಹೊತ್ತಿಗೇ ಶುರುವಾಗುತ್ತದೆ. ನಮ್ಮ ಕಡೆಯ ಮಕ್ಕಳು ಇದನ್ನು ತಡವಾಗಿ ತಿಳಿದು ಒಂದು ವರ್ಷ ಕಳೆದುಕೊಳ್ಳುತ್ತಾರೆ, ನನಗೆ ತುಂಬ ಬೇಜಾರಾಗುವುದು ಇಲ್ಲೇ.

ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂಸ್ಟ್ಯಾಟ್ (ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿ) ಅನ್ನೂ ಮರೆಯಬೇಡಿ. ಪ್ರವೇಶ ಪರೀಕ್ಷೆ ಕಷ್ಟ. ಆದರೆ ಸೇರಿದವರಿಗೆ ಸ್ಟೈಪೆಂಡ್ ಸಿಗುತ್ತದೆ. ನಮ್ಮ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ದಶಕಗಳ ಕಾಲ ದುಡಿದ ಸಂಸ್ಥೆ ಅದು. ಇನ್‌ಫರೆನ್ಸ್‌ನಲ್ಲಿ ನೀವು ಓದುವ ಕ್ರಾಮರ್-ರಾವ್ ಅಸಮಾನತೆಯ ರಾವ್ ಅವರೇ.

ಸರ್ಕಾರಿ ಕೆಲಸದ ಯೋಚನೆ ಇದ್ದರೆ ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಇದೆ. ಅದಕ್ಕೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು, ಇಲ್ಲವೇ ಅದರಲ್ಲೇ ಎಂಎಸ್ಸಿ ಆಗಿರಬೇಕು. ನಿಮಗೆ ಪದವಿಯಲ್ಲೇ ಇದೆ, ಚಿಂತೆ ಬೇಡ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿದ ಗೆಳೆಯರಿದ್ದರೆ ಅವರಿಗೆ ಈ ನಿಯಮ ತಿಳಿಸಿ.

ಕೊನೆಗೆ ಎರಡೋ ಮೂರೋ ಜಾಗ ಉಳಿದಾಗ ಒಂದು ದಿನ ಬಸ್ ಹತ್ತಿ ಹೋಗಿ. ಆಫೀಸಿನಲ್ಲಿ ಕೇಳುವುದಕ್ಕಿಂತ ಎರಡನೇ ವರ್ಷದವರ ಜೊತೆ ಕ್ಯಾಂಟೀನಿನಲ್ಲಿ ಕೂತು ಮಾತಾಡಿ. ಕಾಯಂ ಮೇಷ್ಟ್ರು ಎಷ್ಟು ಜನ? ಲ್ಯಾಬ್‌ನಲ್ಲಿ ಆರ್ (R) ಸಾಫ್ಟ್‌ವೇರ್ ನಿಜವಾಗಿ ಹೇಳಿಕೊಡುತ್ತಾರಾ, ಸುಮ್ನೆ ರೆಕಾರ್ಡ್ ಬರೆಸುತ್ತಾರಾ? ಪ್ರಾಜೆಕ್ಟ್‌ಗೆ ನಿಜವಾದ ಅಂಕಿಅಂಶ ಸಿಗುತ್ತದಾ? ಹಾಸ್ಟೆಲ್ ಸಿಕ್ಕಿತಾ? ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಅನ್ನುವುದನ್ನೂ ಕೇಳಿಕೊಂಡು ಬನ್ನಿ.