ಇ.ಎಫ್. 60 ಇದ್ದರೂ ಏದುಸಿರು ಯಾಕೆ?

ಪ್ರಶ್ನೆ: ಅಮ್ಮನಿಗೆ 67 ವರ್ಷ. ಬಿಪಿ, ಶುಗರ್ ಎರಡೂ ಇವೆ. ಎಕೋದಲ್ಲಿ ಇ.ಎಫ್. 60 ಬಂದಿದೆ. ಆದ್ರೂ ಡಾಕ್ಟರು ಹಾರ್ಟ್ ಫೇಲ್ಯೂರ್ ಅಂತಾರೆ. ಒಂದು ಮಹಡಿ ಹತ್ತುವಷ್ಟರಲ್ಲಿ ಎರಡು ಸಲ ನಿಲ್ತಾರೆ. ಪಂಪ್ ಸರಿಯಿದ್ರೆ ಹೀಗ್ಯಾಕೆ? ವಾಕಿಂಗ್ ಮಾಡಿಸಬಹುದಾ?

ಉತ್ತರ: ರಿಪೋರ್ಟೂ ನಿಜ, ಡಾಕ್ಟರು ಹೇಳಿದ್ದೂ ನಿಜ. ಹೃದಯದ ಎಡ ಕೋಣೆಗೆ ತುಂಬಿದ ರಕ್ತದಲ್ಲಿ ಶೇಕಡ ಎಷ್ಟು ಹೊರಗೆ ಹೋಯಿತು ಅನ್ನುವ ಲೆಕ್ಕವೇ ಇ.ಎಫ್. 100 ಎಂ.ಎಲ್. ತುಂಬಿ 60 ಹೋದರೂ ಇ.ಎಫ್. 60. ಬರೀ 80 ತುಂಬಿ 48 ಹೋದರೂ 60! ಎಷ್ಟು ಸಲೀಸಾಗಿ ತುಂಬಿತು ಅನ್ನುವುದು ಆ ನಂಬರಿನಲ್ಲಿ ಇರುವುದೇ ಇಲ್ಲ. ಅದೇ ರಿಪೋರ್ಟಿನಲ್ಲಿ ‘ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಅಂತ ಒಂದು ಸಾಲು ಇದೆಯಾ ನೋಡಿ. ಹೃದಯ ಸಲೀಸಾಗಿ ತುಂಬಿಕೊಳ್ಳುತ್ತಿಲ್ಲ ಅಂತ ಅದರ ಅರ್ಥ. ಅಸಲು ಸಂಗತಿ ಅಲ್ಲಿರುತ್ತದೆ.

ವಯಸ್ಸು, ಜಾಸ್ತಿ ತೂಕ, ವರ್ಷಗಟ್ಟಲೆಯ ಬಿಪಿ, ಶುಗರ್ ಸೇರಿ ಹೃದಯದ ಗೋಡೆ ಪೆಡಸಾಗುತ್ತದೆ. ನಾರಿನಂಥ ಕೊಲಾಜನ್ ಹೆಚ್ಚುತ್ತದೆ. ಸ್ಪ್ರಿಂಗಿನ ಹಾಗೆ ಕೆಲಸ ಮಾಡುವ ಟೈಟಿನ್ ಅನ್ನುವ ಪ್ರೋಟೀನೂ ಸೆಟೆದುಕೊಳ್ಳುತ್ತದೆ. ಹಿಂಡುವ ಶಕ್ತಿ ಇದೆ, ಹಿಗ್ಗುವುದೇ ಕಷ್ಟ.

ಕೂತಿದ್ದಾಗ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ನಿಮಿಷಕ್ಕೆ 60 ಬಡಿತ ಅಂದರೆ ಒಂದೊಂದಕ್ಕೂ ಒಂದು ಸೆಕೆಂಡ್. ಅದರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ತುಂಬಿಕೊಳ್ಳಲು ಸಿಗುತ್ತದೆ. ಮೆಟ್ಟಿಲಲ್ಲಿ ಬಡಿತ 120ಕ್ಕೆ ಹೋದರೆ ಆ ಹೊತ್ತು ಕಾಲು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಅರ್ಧ ಬಾಗಿಲು ತೆರೆದು, ಗಳಿಗೆ ನಿಂತು ಹೊರಟುಬಿಡುವ ಸಿಟಿ ಬಸ್ ನೋಡಿದ್ದೀರಲ್ಲ? ಇಂಜಿನ್ ಚೆನ್ನಾಗಿದೆ, ಜನ ಮಾತ್ರ ಸ್ಟಾಪಿನಲ್ಲೇ. ಇಲ್ಲಿ ಆ ಸ್ಟಾಪ್ ಅಂದರೆ ಶ್ವಾಸಕೋಶ. ಒತ್ತಡ ಅಲ್ಲಿ ಏರುತ್ತದೆ, ಉಸಿರು ಕಟ್ಟುತ್ತದೆ.

ವಾಕಿಂಗ್ ಮಾಡಿಸಿ. ಆದರೆ ಕಾಲಿನ ಊತ ಇದ್ದರೆ ಅದು ಇಳಿದು, ಮಾತ್ರೆ ಹದಕ್ಕೆ ಬಂದು, ಡಾಕ್ಟರು ಹೂಂ ಅಂದ ಮೇಲೆ. ಹೃದಯ ಮತ್ತೆ ಮೆದುವಾಗುತ್ತದೆ ಅನ್ನುವ ಆಸೆ ಮಾತ್ರ ಬೇಡ. ಅಮೆರಿಕದ ಡಲ್ಲಾಸ್‌ನವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷದ ವ್ಯಾಯಾಮದಿಂದ ಈ ಪೆಡಸು ಇಳಿದದ್ದು ನಿಜ. ಆದರೆ ಅವರೆಲ್ಲ ಹಾರ್ಟ್ ಫೇಲ್ಯೂರ್ ಇಲ್ಲದ, ಮೈ ಬಗ್ಗಿಸದ ನಡುವಯಸ್ಸಿನವರು. ಕಾಯಿಲೆ ಬಂದವರಿಗೆ ಸಿಗುವ ಲಾಭ ಬಹುಪಾಲು ಕಾಲಿನ ಸ್ನಾಯುಗಳದ್ದು. ಬಂದಷ್ಟೇ ರಕ್ತದಿಂದ ಅವು ಜಾಸ್ತಿ ಆಕ್ಸಿಜನ್ ಹೀರಿಕೊಳ್ಳುತ್ತವೆ. ಅಮ್ಮನಿಗೆ ಮಹಡಿ ಹತ್ತಿದರೆ ಸಾಕು ಅಲ್ವಾ?

ಸಮತಟ್ಟು ರಸ್ತೆಯಲ್ಲಿ ಐದು ನಿಮಿಷದಿಂದ ಶುರು ಮಾಡಿ. ಪಕ್ಕದಲ್ಲೇ ಮಾತಾಡಿಸುತ್ತಾ ನಡೆಯಿರಿ. ಅವರ ಮಾತು ನಡುವೆ ತುಂಡಾದರೆ ನಿಧಾನ ಮಾಡಿ. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ದಿನಾ ಬೆಳಿಗ್ಗೆ ತೂಕ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕೆಜಿ ಏರಿದ್ದರೆ ಅದು ಊಟ ಜಾಸ್ತಿಯಾಗಿ ಅಲ್ಲ, ಮೈಯಲ್ಲಿ ನೀರು ನಿಂತು. ಅವತ್ತು ವಾಕಿಂಗ್ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ.