ಮರಗಟ್ಟಿದ ಪಾದ, ಸರಿಯಾಗಿ ಉತ್ತರಿಸುವ ನರ: ಒತ್ತಿಹೋದ ನರಬೇರನ್ನು ವಿದ್ಯುತ್ ಪರೀಕ್ಷೆಯಲ್ಲಿ ಓದುವ ಬಗೆ

ಸೊಂಟದಲ್ಲಿ ಹುಟ್ಟಿದ ನೋವು ತೊಡೆಯ ಹಿಂಬದಿಯಿಂದ ಇಳಿದು ಪಾದದ ಹೊರ ಅಂಚನ್ನು ಸೇರುತ್ತದೆ, ಕಿರುಬೆರಳಿನ ಕಡೆ ಮುಟ್ಟಿದರೂ ತಿಳಿಯುವುದಿಲ್ಲ ಎಂದು ಹೇಳಿಕೊಂಡು ಬರುವ ರೋಗಿಗಳನ್ನು ನಾನು ವಾರವಾರವೂ ನೋಡುತ್ತೇನೆ. ಅವರ ಪಾದದ ಅದೇ ಅಂಚಿನಿಂದ ಸುದ್ದಿ ಒಯ್ಯುವ ಸ್ಯೂರಲ್ ನರಕ್ಕೆ ಸಣ್ಣ ವಿದ್ಯುತ್ ಸ್ಪಂದನ ಕೊಟ್ಟು ಪರೀಕ್ಷಿಸಿದಾಗ, ಬಹಳ ಸಲ ಪರದೆಯ ಮೇಲೆ ಯಾವ ಕುಂದೂ ಇಲ್ಲದ ಅಲೆಯೊಂದು ಮೂಡುತ್ತದೆ. ಅದನ್ನು ತಿಳಿಸಿದರೆ, "ಹಾಗಾದರೆ ನನಗೆ ಮರಗಟ್ಟಿಲ್ಲ ಅಂತೀರಾ ಡಾಕ್ಟ್ರೇ?" ಎಂದು ಅವರು ನೊಂದುಕೊಳ್ಳುತ್ತಾರೆ. ಆಗ ನಾನು ಹೇಳುವುದಿಷ್ಟೇ: ನಿಮಗೆ ಮರಗಟ್ಟಿರುವುದು ನಿಜ, ಆ ಅಲೆ ಸರಿಯಾಗಿರುವುದೂ ನಿಜ, ಇವೆರಡೂ ಒಟ್ಟಿಗೆ ಇರುವುದೇ ತೊಂದರೆ ಬೆನ್ನಿನಲ್ಲಿದೆ ಎಂಬುದಕ್ಕೆ ನಮಗೆ ಸಿಗುವ ಮೊದಲ ಸುಳಿವು.

ಇದು ಹೇಗೆ ಎಂಬುದನ್ನು ತಿಳಿಯಲು ನರಬೇರಿನ ರಚನೆಯನ್ನು ಸ್ವಲ್ಪ ನೋಡಬೇಕು. ಬೆನ್ನುಹುರಿಯ ಎರಡೂ ಬದಿಗಳಿಂದ ಒಟ್ಟು 31 ಜೋಡಿ ನರಗಳು ಹೊರಡುತ್ತವೆ. ಪ್ರತಿಯೊಂದಕ್ಕೂ ಎರಡು ಬೇರುಗಳು: ಸ್ನಾಯುಗಳಿಗೆ ಆಜ್ಞೆ ಒಯ್ಯುವ ಚಾಲಕ ಬೇರು ಮುಂದೆ, ಸ್ಪರ್ಶ ಮತ್ತು ನೋವಿನ ಸುದ್ದಿ ತರುವ ಸಂವೇದನಾ ಬೇರು ಹಿಂದೆ. ಕಶೇರುಗಳ ನಡುವಿನ ಕಿಂಡಿಯ ಬಳಿ ಅವೆರಡೂ ಕೂಡಿ ಒಂದೇ ನರವಾಗುತ್ತವೆ. ಚಾಲಕ ತಂತುಗಳಿಗೆ ಜೀವ ಕೊಡುವ ಕೋಶಗಳು ಬೆನ್ನುಹುರಿಯ ಒಳಗಿವೆ. ಸಂವೇದನಾ ತಂತುಗಳ ಕೋಶಗಳಾದರೋ ಹುರಿಯ ಹೊರಗೆ, ಆ ಕಿಂಡಿಯ ಆಸುಪಾಸಿನ ನರಗಂಟಿನಲ್ಲಿ ಕುಳಿತಿವೆ. ಉಬ್ಬಿದ ಡಿಸ್ಕ್ ಆಗಲಿ, ಬೆಳೆದ ಎಲುಬಾಗಲಿ ಸಾಮಾನ್ಯವಾಗಿ ಒತ್ತುವುದು ನರಗಂಟಿಗೂ ಬೆನ್ನುಹುರಿಗೂ ನಡುವಿನ ಭಾಗವನ್ನು. ಆದ್ದರಿಂದ ನರಗಂಟಿನಿಂದ ಚರ್ಮದವರೆಗಿನ ತಂತು ತನ್ನ ಕೋಶದ ಆಸರೆಯಲ್ಲಿ ಜೀವಂತವಾಗಿಯೇ ಉಳಿಯುತ್ತದೆ. ನಾವು ಕಾಲಿನಲ್ಲಿ ಅಳೆಯುವುದು ಆ ಭಾಗವನ್ನೇ. ಸುದ್ದಿ ಮಿದುಳನ್ನು ತಲುಪದೆ ನಡುದಾರಿಯಲ್ಲಿ ನಿಂತಿರುತ್ತದೆ, ರೋಗಿಗೆ ಮರಗಟ್ಟಿದ ಅನುಭವವಾಗುತ್ತದೆ, ಆದರೆ ಅಳತೆ ಸರಿಯಾಗಿ ಬರುತ್ತದೆ. ಚಾಲಕ ತಂತುವಿನ ಪಾಡು ಬೇರೆ. ಒತ್ತಡವು ಅದನ್ನು ಅದರ ಕೋಶದಿಂದಲೇ ಬೇರ್ಪಡಿಸುವುದರಿಂದ, ಒತ್ತಿದ ಜಾಗದಿಂದ ಸ್ನಾಯುವಿನವರೆಗೂ ಅದು ನಶಿಸುತ್ತದೆ. ಹೀಗಾಗಿ ನರಬೇರಿನ ಬಾಧೆಯನ್ನು ಚರ್ಮದ ನರಗಳಿಗಿಂತ ಸ್ನಾಯುಗಳಲ್ಲಿ ಹುಡುಕಬೇಕಾಗುತ್ತದೆ. ಇದಕ್ಕೆ ಅಪವಾದವೂ ಉಂಟು. ಸೊಂಟದ ಐದನೆಯ ಬೇರಾದ ಎಲ್5ರ ನರಗಂಟು ಕೆಲವರಲ್ಲಿ ಕಿಂಡಿಯಿಂದ ಒಳಗೆ, ಬೆನ್ನುಮೂಳೆಯ ಕಾಲುವೆಯಲ್ಲೇ ಇರುವುದರಿಂದ ಅಂಥವರಲ್ಲಿ ಒತ್ತಡವು ನರಗಂಟಿಗೇ ತಗುಲಿ, ಪಾದದ ಮೇಲ್ಭಾಗದ ಸಂವೇದನಾ ಅಲೆ ಕುಗ್ಗಬಹುದು.

ಎಂಆರ್‌ಐ ಇರುವಾಗ ಈ ಪರೀಕ್ಷೆ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಎಂಆರ್‌ಐ ಡಿಸ್ಕ್ ಎಲ್ಲಿ ಉಬ್ಬಿದೆ, ಕಿಂಡಿ ಎಷ್ಟು ಕಿರಿದಾಗಿದೆ ಎಂಬುದನ್ನು ತೋರಿಸುತ್ತದೆ. ಆ ಜಾಗದಲ್ಲಿ ಹಾದುಹೋಗುವ ನರ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಬೆನ್ನುನೋವೇ ಇಲ್ಲದ 98 ಮಂದಿಯ ಸೊಂಟದ ಎಂಆರ್‌ಐ ತೆಗೆದು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶೇಕಡಾ 52ರಷ್ಟು ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು, ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇಕಡಾ 36 ಮಾತ್ರ. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಾಗಿರಬೇಕಿಲ್ಲ. ಚಿತ್ರದಲ್ಲಿ ಮೂರು ಮಟ್ಟಗಳಲ್ಲಿ ಉಬ್ಬು ಕಂಡು, ಅವುಗಳಲ್ಲಿ ಯಾವುದು ಈ ರೋಗಿಯ ಕಾಲನ್ನು ಬಲಹೀನಗೊಳಿಸಿದೆ ಎಂಬ ಪ್ರಶ್ನೆ ಎದ್ದಾಗ ವಿದ್ಯುತ್ ಪರೀಕ್ಷೆ ತನ್ನ ಬೆಲೆಯನ್ನು ತೋರುತ್ತದೆ. ನೋವು ಯಾವ ಬೇರಿನದೆಂದು ಲಕ್ಷಣಗಳೇ ಸ್ಪಷ್ಟವಾಗಿ ಹೇಳುತ್ತಿದ್ದು, ಚಿತ್ರವೂ ಅದಕ್ಕೆ ಹೊಂದಿಕೊಂಡಿದ್ದರೆ ಪರೀಕ್ಷೆಯ ಅಗತ್ಯ ಅಷ್ಟಾಗಿ ಇರುವುದಿಲ್ಲ, ಅಂಥವರನ್ನು ಸೂಜಿಯಿಂದ ಚುಚ್ಚುವುದು ನನಗೆ ಸರಿಯೆನಿಸುವುದಿಲ್ಲ.

ಪರೀಕ್ಷೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ನರವಾಹಕತೆಯ ಪರೀಕ್ಷೆ. ಚರ್ಮದ ಮೇಲಿನಿಂದ ನರಕ್ಕೆ ಸ್ಪಂದನ ಕೊಟ್ಟು, ಅದು ಎಷ್ಟು ವೇಗವಾಗಿ ಹರಿಯಿತು, ಎಷ್ಟು ತಂತುಗಳು ಉತ್ತರ ಕೊಟ್ಟವು ಎಂಬುದನ್ನು ಇಲ್ಲಿ ಅಳೆಯುತ್ತೇವೆ. ಕೈಯ ನರಗಳಲ್ಲಿ ಸೆಕೆಂಡಿಗೆ 50 ಮೀಟರ್, ಕಾಲಿನಲ್ಲಿ 40 ಮೀಟರ್ ಎಂಬುದು ಸ್ಥೂಲವಾದ ಕೆಳಮಿತಿ. ಚರ್ಮ ತಣ್ಣಗಿದ್ದರೆ ಪ್ರತಿ ಡಿಗ್ರಿಗೆ ಸುಮಾರು 2 ಮೀಟರ್ ವೇಗ ಕುಸಿಯುವುದರಿಂದ, ಕೈಯನ್ನು 32, ಪಾದವನ್ನು 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬೆಚ್ಚಗೆ ಮಾಡದೆ ಅಳೆದರೆ ಇಲ್ಲದ ರೋಗ ಕಾಣಿಸಿಕೊಳ್ಳುತ್ತದೆ. ನರಬೇರಿನ ಬಾಧೆಯಲ್ಲಿ ಈ ಮೊದಲ ಭಾಗದ ಮುಖ್ಯ ಕೆಲಸ ಬೇರೆ ರೋಗಗಳನ್ನು ಹೊರಗಿಡುವುದು. ಹೆಬ್ಬೆರಳು ಮತ್ತು ತೋರುಬೆರಳಿನ ಜೋಮಿಗೆ ಕುತ್ತಿಗೆಯ ಸಿ6 ಬೇರು ಕಾರಣವೋ, ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿರುವುದು ಕಾರಣವೋ ಎಂಬುದು ಇಲ್ಲಿಯೇ ಬಹುಪಾಲು ತೀರ್ಮಾನವಾಗುತ್ತದೆ. ಎರಡೂ ಪಾದಗಳು ಉರಿಯುವ ಮಧುಮೇಹದ ನರಬಾಧೆಯನ್ನು ಡಿಸ್ಕ್‌ನ ತಲೆಗೆ ಕಟ್ಟದಂತೆ ತಡೆಯುವುದೂ ಇದೇ ಭಾಗ.

ಇದರ ಜೊತೆಗೆ ಎಫ್ ಅಲೆ, ಎಚ್ ಪ್ರತಿವರ್ತನೆ ಎಂಬ ಎರಡು ಅಳತೆಗಳಿವೆ. ಎಫ್ ಅಲೆಯನ್ನು 1950ರಲ್ಲಿ ಮೊದಲು ಪಾದದ ಸ್ನಾಯುಗಳಲ್ಲಿ ದಾಖಲಿಸಿದ್ದರಿಂದ ಪಾದಕ್ಕಿರುವ ಇಂಗ್ಲಿಷ್ ಪದದ ಮೊದಲಕ್ಷರವೇ ಅದಕ್ಕೆ ಹೆಸರಾಯಿತು. ಇಲ್ಲಿ ಸ್ಪಂದನ ಚಾಲಕ ತಂತುವಿನಲ್ಲೇ ಬೆನ್ನುಹುರಿಯವರೆಗೆ ಹೋಗಿ ಸ್ನಾಯುವಿಗೆ ಮರಳುತ್ತದೆ; ಆ ದಾರಿ ಉದ್ದವಾದದ್ದು, ಒತ್ತಿಹೋದ ತುಣುಕು ಕೆಲವೇ ಮಿಲಿಮೀಟರ್, ಮೇಲಾಗಿ ಒಂದೊಂದು ಸ್ನಾಯುವಿಗೂ ಒಂದಕ್ಕಿಂತ ಹೆಚ್ಚು ಬೇರುಗಳಿಂದ ತಂತುಗಳು ಬರುತ್ತವೆ; ಆದ್ದರಿಂದ ಒಂದೇ ಬೇರಿನ ಬಾಧೆಯಲ್ಲಿ ಎಫ್ ಅಲೆ ನೆರವಾದದ್ದನ್ನು ನಾನು ಕಂಡದ್ದು ಕಡಿಮೆ. ಪಾಲ್ ಹಾಫ್‌ಮನ್ 1910ರಲ್ಲಿ ವಿವರಿಸಿದ ಎಚ್ ಪ್ರತಿವರ್ತನೆ ಇದಕ್ಕಿಂತ ಹೆಚ್ಚು ಉಪಯುಕ್ತ. ಮೊಣಕಾಲಿನ ಹಿಂದೆ ನರವನ್ನು ಉದ್ದೀಪಿಸಿದರೆ, ಸ್ಪಂದನ ಎಲ್5ರ ಕೆಳಗಿನ ಬೇರಾದ ಎಸ್1ರ ಸಂವೇದನಾ ಬೇರಿನ ಮೂಲಕ ಬೆನ್ನುಹುರಿಗೆ ಹೋಗಿ, ಚಾಲಕ ಬೇರಿನ ಮೂಲಕ ಮೀನಖಂಡಕ್ಕೆ ಮರಳುತ್ತದೆ. ಸಾಮಾನ್ಯ ಸಂವೇದನಾ ಅಳತೆ ತಲುಪಲಾಗದ ನರಗಂಟಿನಾಚೆಯ ದಾರಿಯನ್ನು ಇದು ಹಾದುಬರುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ. ಎರಡು ಕಾಲುಗಳ ನಡುವೆ ಒಂದೂವರೆ ಮಿಲಿಸೆಕೆಂಡಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ, ಅಥವಾ ಒಂದು ಕಡೆ ಮಾತ್ರ ಉತ್ತರವೇ ಬಾರದಿದ್ದರೆ, ಎಸ್1 ಬೇರಿನ ಕಡೆಗೆ ಅನುಮಾನ ಬಲವಾಗುತ್ತದೆ. ವಯಸ್ಸಾದವರಲ್ಲಿ ಎರಡೂ ಕಡೆ ಅದು ಕಾಣದಿರುವುದುಂಟು, ಅದಕ್ಕೆ ಅರ್ಥ ಹಚ್ಚಬಾರದು.

ಎರಡನೆಯ ಭಾಗವಾದ ಇಎಂಜಿ, ಅಂದರೆ ಸ್ನಾಯುವಿಗೆ ತೆಳುವಾದ ಸೂಜಿ ಹಾಕಿ ಆಲಿಸುವ ಪರೀಕ್ಷೆಯೇ, ನರಬೇರಿನ ಬಾಧೆಯಲ್ಲಿ ನಿಜವಾದ ಸಾಕ್ಷ್ಯ ಕೊಡುವಂಥದ್ದು. ಸೂಜಿಯಿಂದ ಕರೆಂಟ್ ಹರಿಸುತ್ತಾರೆಂದು ಹಲವರು ಹೆದರುತ್ತಾರೆ. ಈ ಭಾಗದಲ್ಲಿ ನಾವು ಏನನ್ನೂ ಹರಿಸುವುದಿಲ್ಲ, ಸ್ನಾಯುವಿನಲ್ಲಿ ತಾನಾಗಿ ಹುಟ್ಟುವ ವಿದ್ಯುತ್ತನ್ನು ದಾಖಲಿಸುತ್ತೇವೆ, ಅಷ್ಟೇ. ಆರೋಗ್ಯವಾಗಿರುವ ಸ್ನಾಯು ವಿಶ್ರಾಂತಿಯಲ್ಲಿ ಮೌನವಾಗಿರುತ್ತದೆ. ನರದ ಸಂಪರ್ಕ ಕಳೆದುಕೊಂಡ ಸ್ನಾಯುತಂತುಗಳಾದರೋ ಯಾರ ಆಜ್ಞೆಯೂ ಇಲ್ಲದೆ ತಾವೇ ಮಿಡಿಯತೊಡಗುತ್ತವೆ. ಒಣ ಎಲೆಯ ಮೇಲೆ ಒಂದೇ ಗತಿಯಲ್ಲಿ ಹನಿ ತೊಟ್ಟಿಕ್ಕಿದಂತೆ ಯಂತ್ರದಲ್ಲಿ ಕೇಳಿಬರುವ ಈ ಮಿಡಿತಕ್ಕೆ ಫೈಬ್ರಿಲೇಷನ್ ಎಂದು ಹೆಸರು. ಬಳಿಕ ರೋಗಿಗೆ ಸ್ನಾಯುವನ್ನು ಮೆಲ್ಲಗೆ ಬಿಗಿಯಲು ಹೇಳಿ, ಎಷ್ಟು ನರಘಟಕಗಳು (ಒಂದು ಚಾಲಕ ತಂತು ಮತ್ತು ಅದು ನಡೆಸುವ ಸ್ನಾಯುತಂತುಗಳು ಸೇರಿ ಒಂದು ಘಟಕ) ಕೆಲಸಕ್ಕೆ ಬರುತ್ತಿವೆ, ಅವುಗಳ ಆಕಾರ ಹೇಗಿದೆ ಎಂಬುದನ್ನು ನೋಡುತ್ತೇವೆ. ಉಳಿದುಕೊಂಡ ತಂತುಗಳು ಅನಾಥವಾದ ಸ್ನಾಯುತಂತುಗಳಿಗೆ ಹೊಸ ಕವಲು ಚಾಚಿ ತಮ್ಮದಾಗಿಸಿಕೊಂಡಿದ್ದರೆ, ಆ ಘಟಕಗಳ ಅಲೆಗಳು ಮೊದಲು ಚೂರುಚೂರಾಗಿಯೂ, ತಿಂಗಳುಗಳ ನಂತರ ಎತ್ತರವಾಗಿಯೂ ಅಗಲವಾಗಿಯೂ ಕಾಣುತ್ತವೆ. ಹಾನಿ ಹೊಸದೋ, ಹಳೆಯದೋ, ಹಳೆಯದರ ಮೇಲೆ ಹೊಸದೋ ಎಂಬುದನ್ನು ಓದುವುದು ಹೀಗೆ.

ಒಂದು ಸ್ನಾಯುವಿನಲ್ಲಿ ದೋಷ ಕಂಡ ಮಾತ್ರಕ್ಕೆ ಬೇರಿನ ಬಾಧೆ ಎನ್ನಲಾಗದು. ಒಂದೇ ಬೇರಿಗೆ ಸೇರಿದ, ಆದರೆ ಬೇರೆ ಬೇರೆ ನರಗಳಿಂದ ಪೋಷಣೆ ಪಡೆಯುವ ಕನಿಷ್ಠ ಎರಡು ಸ್ನಾಯುಗಳಲ್ಲಿ ದೋಷವಿರಬೇಕು, ಅಕ್ಕಪಕ್ಕದ ಬೇರುಗಳ ಸ್ನಾಯುಗಳು ಸರಿಯಾಗಿರಬೇಕು. ಪಾದ ಜೋತುಬಿದ್ದು, ನಡೆಯುವಾಗ ಹೆಬ್ಬೆರಳು ನೆಲಕ್ಕೆ ತಾಕುವ ರೋಗಿಯನ್ನೇ ತೆಗೆದುಕೊಳ್ಳೋಣ. ಪಾದವನ್ನು ಮೇಲೆತ್ತುವ ಸ್ನಾಯುವಿಗೆ ಆಜ್ಞೆ ಬರುವುದು ಎಲ್4 ಮತ್ತು ಎಲ್5 ಬೇರುಗಳಿಂದ, ಪೆರೋನಿಯಲ್ ನರದ ಮೂಲಕ. ಈ ನರ ಮೊಣಕಾಲಿನ ಹೊರಬದಿಯಲ್ಲಿ ಎಲುಬಿಗೆ ಅಂಟಿಕೊಂಡು ಚರ್ಮದ ಕೆಳಗೇ ಸುತ್ತಿಬರುವುದರಿಂದ, ಕಾಲ ಮೇಲೆ ಕಾಲು ಹಾಕಿ ಬಹಳ ಹೊತ್ತು ಕುಳಿತರೂ ಒತ್ತಿಹೋಗುತ್ತದೆ. ತೊಂದರೆ ಅಲ್ಲಿದೆಯೋ, ಬೆನ್ನಿನಲ್ಲಿದೆಯೋ? ನಾನು ಪಾದವನ್ನು ಒಳಮುಖವಾಗಿ ತಿರುಗಿಸುವ ಸ್ನಾಯುವನ್ನು ಪರೀಕ್ಷಿಸುತ್ತೇನೆ: ಅದೂ ಎಲ್5 ಬೇರಿನದೇ, ಆದರೆ ಟಿಬಿಯಲ್ ನರದ್ದು. ಅನಂತರ ಸೊಂಟದ ಬದಿಯ ಗ್ಲೂಟಿಯಸ್ ಮೀಡಿಯಸ್: ಅದೂ ಎಲ್5, ಮೊಣಕಾಲಿನ ಬಳಿ ಸುಳಿಯದ ಇನ್ನೊಂದು ನರದ್ದು. ಈ ಎರಡರಲ್ಲೂ ಫೈಬ್ರಿಲೇಷನ್ ಕಂಡು, ಪಾದದ ಮೇಲ್ಭಾಗದ ಸಂವೇದನಾ ಅಲೆ ಸರಿಯಾಗಿದ್ದರೆ, ಅದು ಎಲ್5 ಬೇರು. ಎರಡೂ ಸರಿಯಾಗಿದ್ದು, ಮೊಣಕಾಲಿನ ಬಳಿ ಪೆರೋನಿಯಲ್ ನರದ ವೇಗ ಕುಸಿದಿದ್ದರೆ, ಬೆನ್ನಿನ ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿದ್ದರೂ ಅದು ಈ ಜೋತುಪಾದಕ್ಕೆ ಕಾರಣವಲ್ಲ. ಶಸ್ತ್ರಚಿಕಿತ್ಸೆ ಎಲ್ಲಿ, ಅಥವಾ ಶಸ್ತ್ರಚಿಕಿತ್ಸೆಯೇ ಬೇಡವೇ ಎಂಬ ನಿರ್ಧಾರ ಆ ಎರಡು ಸ್ನಾಯುಗಳ ಮೇಲೆ ನಿಂತಿರುತ್ತದೆ ಎಂಬ ಎಚ್ಚರ ಸೂಜಿ ಹಿಡಿದಾಗಲೆಲ್ಲ ನನ್ನ ಜೊತೆಗಿರುತ್ತದೆ.

ಬೆನ್ನುಮೂಳೆಯ ಪಕ್ಕದ ಸ್ನಾಯುಗಳಿಗೆ ಹೋಗುವ ಕವಲು, ನರ ಕಿಂಡಿಯಿಂದ ಹೊರಬಂದ ಕೂಡಲೇ ಒಡೆಯುತ್ತದೆ. ಅಲ್ಲಿಯೂ ದೋಷವಿದ್ದರೆ ಹಾನಿ ಬೇರಿನ ಮಟ್ಟದಲ್ಲಿಯೇ ಇದೆ ಎಂಬುದು ಗಟ್ಟಿಯಾಗುತ್ತದೆ. ಆದರೆ ಈ ಸ್ನಾಯುಗಳಿಗೆ ಮೇಲಿನ ಕೆಳಗಿನ ಬೇರುಗಳ ಪೋಷಣೆ ಒಂದರ ಮೇಲೊಂದು ಹೆಣೆದುಕೊಂಡಿರುವುದರಿಂದ ಯಾವ ಬೇರು ಎಂಬುದನ್ನು ಅವು ಹೇಳಲಾರವು. ಆ ಜಾಗದಲ್ಲಿ ಹಿಂದೆ ಶಸ್ತ್ರಚಿಕಿತ್ಸೆಯಾಗಿದ್ದರೆ ಅವುಗಳ ಮಾತನ್ನು ನಂಬುವಂತಿಲ್ಲ. ಮಧುಮೇಹ ಇರುವವರಲ್ಲೂ ಎಚ್ಚರಿಕೆ ಬೇಕು.

ಇನ್ನು ಸಮಯದ ಮಾತು, ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ. ನಿನ್ನೆ ನೋವು ಶುರುವಾಯಿತೆಂದು ಇಂದು ಪರೀಕ್ಷೆ ಮಾಡಿದರೆ ಫೈಬ್ರಿಲೇಷನ್ ಸಿಗುವುದಿಲ್ಲ, ಏಕೆಂದರೆ ನಶಿಸುವಿಕೆ ಬೇರಿನಿಂದ ಸ್ನಾಯುವಿನವರೆಗೆ ಸಾಗಬೇಕು. ಬೆನ್ನಿನ ಪಕ್ಕದ ಸ್ನಾಯುಗಳಲ್ಲಿ ಅದು ವಾರ ಹತ್ತು ದಿನಗಳಲ್ಲಿ ಕಾಣಬಹುದು, ತೋಳು ತೊಡೆಗಳಲ್ಲಿ ಎರಡು ಮೂರು ವಾರ ಹಿಡಿಯುತ್ತದೆ, ಮೊಣಕಾಲಿನ ಕೆಳಗೆ ಐದಾರು ವಾರಗಳೂ ಆಗಬಹುದು. ಆದ್ದರಿಂದ ಮೂರು ವಾರಗಳಾದರೂ ಕಳೆಯಲಿ ಎಂದು ನಾನು ಹೇಳುತ್ತೇನೆ. ಆರೇಳು ತಿಂಗಳು ತಡವಾದರೆ ಮತ್ತೊಂದು ತೊಡಕು: ಬೆನ್ನಿಗೆ ಹತ್ತಿರದ ಸ್ನಾಯುಗಳು ಅಷ್ಟರಲ್ಲಿ ಮರುಸಂಪರ್ಕ ಪಡೆದು ಮೌನವಾಗಿರುತ್ತವೆ, ದೊಡ್ಡದಾದ ಅಲೆಗಳಷ್ಟೇ ಹಿಂದಿನ ಹಾನಿಯ ಕುರುಹಾಗಿ ಉಳಿದಿರುತ್ತವೆ.

ಎಲ್ಲವನ್ನೂ ಸರಿಯಾದ ಸಮಯಕ್ಕೆ ಮಾಡಿಯೂ ವರದಿ ಸಹಜವೆಂದು ಬರಬಹುದು. ಆಗ ರೋಗಿಯ ನೋವು ಸುಳ್ಳೆಂದು ಮನೆಯವರೋ, ವೈದ್ಯರೋ ಭಾವಿಸುವುದನ್ನು ಕಂಡಾಗ ನನಗೆ ಬಹಳ ಬೇಸರವಾಗುತ್ತದೆ. ಸಂವೇದನಾ ಬೇರಷ್ಟೇ ಒತ್ತಿದ್ದರೆ ಸ್ನಾಯುಗಳು ಮೌನವಾಗಿಯೇ ಇರುತ್ತವೆ. ತಂತುವನ್ನು ಸುತ್ತಿರುವ ಮೈಲಿನ್ ಎಂಬ ಕವಚಕ್ಕೆ ಮಾತ್ರ ಪೆಟ್ಟಾಗಿ ತಂತುಗಳು ಉಳಿದಿದ್ದರೂ ಫೈಬ್ರಿಲೇಷನ್ ಹುಟ್ಟುವುದಿಲ್ಲ. ನೋವನ್ನು ಒಯ್ಯುವ ಅತಿ ತೆಳುವಾದ ತಂತುಗಳನ್ನು ನಮ್ಮ ಯಂತ್ರ ಅಳೆಯುವುದೇ ಇಲ್ಲ. ಈ ಪರೀಕ್ಷೆ ದೋಷವಿದೆ ಎಂದಾಗ ಅದನ್ನು ಬಹುಮಟ್ಟಿಗೆ ನಂಬಬಹುದು. ದೋಷವಿಲ್ಲ ಎಂದಾಗ ಅಷ್ಟೇ ಖಚಿತವಾಗಿ ನಂಬಲಾಗದು. ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ಒಂದೆರಡು ಸ್ನಾಯುಗಳಲ್ಲಿ ತುಸು ಚೂರಾದ ಅಲೆಗಳನ್ನು ಕಂಡು, ಸೊಂಟದ ಎಲ್ಲ ಬೇರುಗಳಲ್ಲೂ ಬಾಧೆ ಎಂದು ಬರೆದ ವರದಿಗಳು ನನ್ನ ಮೇಜಿಗೆ ಬರುತ್ತಿರುತ್ತವೆ. ಯಾವ ಸ್ನಾಯುವಿನಲ್ಲಿ ಏನು ಕಂಡಿತು ಎಂಬ ಪಟ್ಟಿಯಿಲ್ಲದ ಅಂಥ ತೀರ್ಮಾನವನ್ನು ಆಧರಿಸಿ ಯಾರೂ ಶಸ್ತ್ರಚಿಕಿತ್ಸೆಗೆ ಒಪ್ಪಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪರೀಕ್ಷೆ ಬೇರನ್ನು ಹೆಸರಿಸುತ್ತದೆಯೇ ಹೊರತು ಕಾರಣವನ್ನು ಹೇಳುವುದಿಲ್ಲ ಎಂಬುದೂ ನೆನಪಿನಲ್ಲಿರಲಿ. ಡಿಸ್ಕ್, ಗೆಡ್ಡೆ, ಸರ್ಪಸುತ್ತು, ಮಧುಮೇಹ ಇವುಗಳಲ್ಲಿ ಯಾವುದು ಬೇರನ್ನು ಕೆಡಿಸಿದರೂ ಸ್ನಾಯುವಿನಲ್ಲಿ ಕೇಳುವ ಸದ್ದು ಒಂದೇ.

ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರದ ಹಿಡಿತ ತಪ್ಪುವುದು, ಗುದದ ಸುತ್ತ ಮರಗಟ್ಟುವುದು, ಎರಡೂ ಕಾಲುಗಳ ಬಲ ಬೇಗಬೇಗ ಕುಂದುವುದು, ಇವುಗಳಲ್ಲಿ ಒಂದಿದ್ದರೂ ಈ ಪರೀಕ್ಷೆಗೆಂದು ಕಾಯಬಾರದು. ಆ ರೋಗಿಗೆ ಅಂದೇ ತುರ್ತಾಗಿ ಎಂಆರ್‌ಐ ಆಗಬೇಕು.

ಉಳಿದವರು ಪರೀಕ್ಷೆಯ ದಿನ ಕೈಕಾಲುಗಳಿಗೆ ಎಣ್ಣೆ, ಕ್ರೀಮ್ ಹಚ್ಚದೆ ಬರಬೇಕು, ಉಪವಾಸ ಬೇಕಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು. ಕಳುಹಿಸುವ ವೈದ್ಯರಲ್ಲಿ ನನ್ನದೊಂದು ವಿನಂತಿ: ಚೀಟಿಯಲ್ಲಿ "ಇಎಂಜಿ ಮಾಡಿ" ಎಂದಷ್ಟೇ ಬರೆಯದೆ, ನೋವು ಯಾವ ದಿನ ಶುರುವಾಯಿತು, ಯಾವ ಸ್ನಾಯುವಿನ ಬಲ ಕುಂದಿದೆ, ಎಲ್5 ಬೇರೋ ಪೆರೋನಿಯಲ್ ನರವೋ ಎಂಬಂಥ ಯಾವ ಅನುಮಾನ ನಿಮ್ಮ ಮನಸ್ಸಿನಲ್ಲಿದೆ ಎಂಬುದನ್ನು ಎರಡು ಸಾಲಿನಲ್ಲಿ ತಿಳಿಸಿ. ಯಾವ ಸ್ನಾಯುಗಳಿಗೆ ಸೂಜಿ ಹಾಕಬೇಕು, ಯಾವುವನ್ನು ಬಿಡಬಹುದು ಎಂಬುದನ್ನು ನಾನು ಆ ಎರಡು ಸಾಲುಗಳಿಂದಲೇ ಆರಿಸಿಕೊಳ್ಳುತ್ತೇನೆ.