ಗುಂಡಿ ಹಾಕುವ ವಿಜ್ಞಾನ

ಅಂಗಿಯ ಗುಂಡಿ ಹಾಕಿಕೊಳ್ಳುವುದು ದೊಡ್ಡವರಿಗೆ ಒಂದು ಕೆಲಸವೇ ಅಲ್ಲ. ಮಾತಾಡುತ್ತಲೇ, ಬೇರೇನೋ ಯೋಚಿಸುತ್ತಲೇ ಹಾಕಿ ಮುಗಿಸುತ್ತೇವೆ. 4 ವರ್ಷದ ಮಗುವಿಗೆ ಅದು ಹಾಗಲ್ಲ. ಮೊದಲು ತೂರಾಡದೆ ನಿಲ್ಲಬೇಕು. ಎರಡೂ ತೋಳುಗಳನ್ನು ಎದೆಯ ಮುಂದೆ ಎತ್ತಿ ಹಿಡಿದಿರಬೇಕು. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಹಿಡಿದಿರುವಾಗ ಇನ್ನೊಂದು ಕೈ ಗುಂಡಿಯನ್ನು ಓರೆ ಮಾಡಿ ತೂರಿಸಬೇಕು. ಅರ್ಧ ತೂರಿದ ಮೇಲೆ ಎರಡು ಕೈಗಳೂ ಕೆಲಸ ಅದಲುಬದಲು ಮಾಡಿಕೊಳ್ಳಬೇಕು. ಕತ್ತಿನ ಹತ್ತಿರದ ಗುಂಡಿಯಂತೂ ಕಣ್ಣಿಗೇ ಬೀಳುವುದಿಲ್ಲ, ಬೆರಳ ತುದಿಯಲ್ಲೇ ಹುಡುಕಬೇಕು. ಎಲ್ಲಿ ಎಡವಿದರೂ "ನೀನೇ ಹಾಕು" ಎಂದು ಮಗು ಕೈಚೆಲ್ಲುತ್ತದೆ.

ಆಕ್ಯುಪೇಶನಲ್ ಥೆರಪಿ ಇಂಥ ಕಡೆಯೇ ನೆರವಿಗೆ ಬರುತ್ತದೆ. ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಹಲ್ಲುಜ್ಜುವುದು, ಆಡುವುದು, ಬೇರೆ ಮಕ್ಕಳ ಜೊತೆ ಕೂತು ಬರೆಯುವುದು: ಮಗುವಿನ ದಿನ ತುಂಬುವುದು ಇವುಗಳಿಂದಲೇ ಅಲ್ವಾ? ಇವುಗಳಲ್ಲಿ ಯಾವುದು ಆಗುತ್ತಿಲ್ಲ, ಏಕೆ ಆಗುತ್ತಿಲ್ಲ ಎಂದು ಪತ್ತೆ ಮಾಡುವುದು ಥೆರಪಿಸ್ಟ್ ಕೆಲಸದ ಅರ್ಧ. ಅದು ಆಗುವಂತೆ ಮಾಡುವುದು ಉಳಿದರ್ಧ. 1917ರಲ್ಲಿ ಅಮೆರಿಕದಲ್ಲಿ ಈ ವೃತ್ತಿಯವರ ಸಂಘ ಹುಟ್ಟಿದಾಗ ಹೆಚ್ಚಿನ ಗಮನ ಇದ್ದದ್ದು ಮಾನಸಿಕ ಕಾಯಿಲೆಯವರು, ಗಾಯಗೊಂಡ ಸೈನಿಕರು, ಹೀಗೆ ದೊಡ್ಡವರ ಮೇಲೆ. ಮಕ್ಕಳ ಕೆಲಸ ಬೆಳೆದದ್ದು ಆಮೇಲೆ.

ಮೊದಲ ಒಂದೆರಡು ಭೇಟಿಯಲ್ಲಿ ಅಪ್ಪ ಅಮ್ಮನಿಗೆ ನಿರಾಸೆಯಾಗುವುದು ಸಹಜ. ಥೆರಪಿಸ್ಟ್ ಸುಮ್ನೆ ಮಗುವಿನ ಜೊತೆ ಆಡುತ್ತಿರುವಂತೆ ಕಾಣುತ್ತದೆ. ನಿಜಕ್ಕೂ ಅಲ್ಲಿ ಬಹಳಷ್ಟು ಗಮನಿಸುವ ಕೆಲಸ ನಡೆದಿರುತ್ತದೆ. ಬ್ಲಾಕ್ ಜೋಡಿಸುವಾಗ ಎಡಗೈ ಸಹಾಯಕ್ಕೆ ಬರುತ್ತದೆಯೇ? ನೆಲದ ಮೇಲೆ ಕೂತರೆ ಬೆನ್ನು ಎಷ್ಟು ಹೊತ್ತು ನೆಟ್ಟಗಿರುತ್ತದೆ? ಪಕ್ಕದಲ್ಲಿ ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತದೆಯೇ? ಗೆರೆ ಎಳೆಯಲು ಹೇಳಿದರೆ ಯಾವ ಆಕಾರ ಬರುತ್ತದೆ? ಸಾಮಾನ್ಯವಾಗಿ ನೋಡಿ ವೃತ್ತ ಬರೆಯಲು ಮಕ್ಕಳು 3 ವರ್ಷದ ಆಸುಪಾಸಿಗೆ ಕಲಿಯುತ್ತಾರೆ, ಅಡ್ಡಗೆರೆ ಉದ್ದಗೆರೆ ಸೇರಿದ ಕೂಡುಗುರುತಿಗೆ 4 ವರ್ಷವಾಗುತ್ತದೆ. ಓರೆಗೆರೆಯ ತ್ರಿಕೋನಕ್ಕೆ 5 ದಾಟಬೇಕು. ಒಂದು ಆಕಾರವೇ ಬಾರದ ಕೈಗೆ ಅಕ್ಷರ ತಿದ್ದಿಸುವ ಆತುರ ಏಕೋ ನನಗೆ ಅರ್ಥವಾಗುವುದಿಲ್ಲ.

ಕೈಯ ಒಳಗಿನ ಕಥೆಯೂ ಹಾಗೇ ಇದೆ. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಇವು ಬಹುತೇಕ ಮೃದ್ವಸ್ಥಿಯಾಗಿರುತ್ತವೆ, ಎಕ್ಸ್‌ರೇ ತೆಗೆದರೆ ಆ ಜಾಗ ಖಾಲಿ ಇದ್ದಂತೆ ಕಾಣುತ್ತದೆ. ಒಂದೊಂದೇ ಗಟ್ಟಿಯಾಗುತ್ತಾ ಹೋಗಿ, ಕೊನೆಯದು ಗಟ್ಟಿಯಾಗತೊಡಗುವಾಗ ಮಗು ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಲ್ಲಿರುತ್ತದೆ. ಪೆನ್ಸಿಲ್ ಹಿಡಿತವೂ ನಿಧಾನಕ್ಕೇ ಬದಲಾಗುತ್ತದೆ. ಮೊದಲು ಮುಷ್ಟಿಯಲ್ಲಿ ಹಿಡಿದು ಇಡೀ ತೋಳಿನಿಂದ ಗೀಚುತ್ತಾರೆ. ಆಮೇಲೆ ಬೆರಳುಗಳು ಕೆಳಗೆ ಬರುತ್ತವೆ. ಮೂರು ಬೆರಳಲ್ಲಿ ಹಿಡಿದು, ಬೆರಳನ್ನೇ ಆಡಿಸಿ ಬರೆಯುವುದು ಸಾಮಾನ್ಯವಾಗಿ 4ರಿಂದ 6 ವರ್ಷದ ನಡುವೆ.

ಪೆನ್ಸಿಲ್ ಸರಿಯಾಗಿ ಹಿಡಿಯಲಿ ಎಂದು ಕರೆದುಕೊಂಡು ಹೋದರೆ, ಮಗುವನ್ನು ಉಯ್ಯಾಲೆಯಲ್ಲಿ ಕೂರಿಸಿರುತ್ತಾರೆ. ಇದೇಕೆ? ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂದು ಐದು ಇಂದ್ರಿಯ ಹೇಳಿ ನಿಲ್ಲಿಸುತ್ತೇವೆ. ಇನ್ನೂ ಇವೆ. ಒಳಗಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳೂ ಎರಡು ಚಿಕ್ಕ ಚೀಲಗಳೂ ಇದ್ದು, ತಲೆ ಎತ್ತ ತಿರುಗಿತು, ಎತ್ತ ವಾಲಿತು ಎಂದು ಮಿದುಳಿಗೆ ತಿಳಿಸುತ್ತವೆ. ಸ್ನಾಯು, ಕೀಲುಗಳೊಳಗಿನ ಸಂವೇದಕಗಳು ಕೈ ಎಲ್ಲಿದೆ, ಎಷ್ಟು ಬಲ ಬಿದ್ದಿದೆ ಎಂದು ಹೇಳುತ್ತವೆ. ಅದರಿಂದಲೇ ನಾವು ಕಣ್ಣು ಮುಚ್ಚಿಯೂ ಮೂಗು ಮುಟ್ಟಿಕೊಳ್ಳುವುದು. ಬಲದ ಈ ಲೆಕ್ಕ ತಪ್ಪಿದಾಗ ಪೆನ್ಸಿಲ್ ಮೊನೆ ಪದೇ ಪದೇ ಮುರಿಯಬಹುದು. ಇಂಥ ಸಂವೇದನೆಗಳನ್ನು ಮಿದುಳು ಸರಿಯಾಗಿ ಕೂಡಿಸಿಕೊಳ್ಳದಿದ್ದರೆ ಕಲಿಕೆಗೂ ನಡವಳಿಕೆಗೂ ತೊಡಕಾಗುತ್ತದೆ ಎಂಬ ಸಿದ್ಧಾಂತವನ್ನು ಕಟ್ಟಿದವರು ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್. ಉಯ್ಯಾಲೆ, ದೊಡ್ಡ ಚೆಂಡುಗಳೆಲ್ಲ ಥೆರಪಿ ಕೋಣೆಗೆ ಬರಲು ಅವರ ಪ್ರಭಾವ ದೊಡ್ಡದು.

ಸಿದ್ಧಾಂತ ಚೆನ್ನಾಗಿದೆ. ಫಲಿತಾಂಶದ ಮಾತು ಬಂದಾಗ ಸ್ವಲ್ಪ ಹುಷಾರಾಗಿರಬೇಕು. ಇಂಥ ಚಿಕಿತ್ಸೆಯನ್ನು ದೊಡ್ಡ ಯೋಜನೆಯ ಒಂದು ಭಾಗವಾಗಿ ಬಳಸಬಹುದು, ಆದರೆ ಅದರ ಪರಿಣಾಮದ ಬಗ್ಗೆ ಸಂಶೋಧನೆ ಕಡಿಮೆ ಎಂದು ಪೋಷಕರಿಗೆ ತಿಳಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. ಆಮೇಲೆ ಕೆಲವು ಸಣ್ಣ ಪ್ರಯೋಗಗಳಲ್ಲಿ ಒಳ್ಳೆಯ ಫಲ ಕಂಡಿತು. ಆಟಿಸಂ ಇರುವ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಂತ ಉಯ್ಯಾಲೆ ಬೇಡ ಎಂದಲ್ಲ. ಮಗು ಅದರಿಂದ ಶಾಂತವಾಗಿ ಮುಂದಿನ ಕೆಲಸಕ್ಕೆ ಸಿದ್ಧವಾಗುತ್ತಿದ್ದರೆ ಒಳ್ಳೆಯದೇ. ಇಡೀ ಸೆಷನ್ ಅದರಲ್ಲೇ ಮುಗಿದರೆ, ತಿಂಗಳುಗಟ್ಟಲೆ ಹಾಗೇ ನಡೆದರೆ, "ಇದಕ್ಕೂ ಗುಂಡಿಗೂ ಏನು ಸಂಬಂಧ?" ಎಂದು ಕೇಳಿ. ಒಳ್ಳೆಯ ಥೆರಪಿಸ್ಟ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಹೆಚ್ಚು ಭರವಸೆಯ ಪುರಾವೆ ಇರುವುದು ನೇರ ದಾರಿಗೆ. ಯಾವ ಕೆಲಸ ಬರಬೇಕೋ ಅದನ್ನೇ ಚೂರು ಚೂರಾಗಿ ಮಾಡಿ ಕಲಿಸುವುದು. ಮಿದುಳಿನ ಚಲನೆಯ ಕಲಿಕೆ ನಡೆಯುವುದೇ ಹೀಗೆ: ಮಾಡು, ತಪ್ಪು, ತಿದ್ದು, ಮತ್ತೆ ಮಾಡು. ಒಂದು ಕೆಲಸದಲ್ಲಿ ಕಲಿತದ್ದು ಬಹಳ ಬೇರೆಯಾದ ಇನ್ನೊಂದಕ್ಕೆ ತಾನಾಗಿ ಹರಿದುಹೋಗುವುದು ಕಡಿಮೆ. ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು 5ರಿಂದ 6 ಶೇಕಡಾ ಮಂದಿಗೆ ಚಲನೆಯ ಹೊಂದಾಣಿಕೆಯ ತೊಂದರೆ ಇರುತ್ತದೆ. ಅಂಥವರಿಗೆ ತಜ್ಞರು ಹೇಳುವುದೂ ಇದೇ ದಾರಿಯನ್ನು. ಮಿದುಳುವಾತದಿಂದ (ಸೆರೆಬ್ರಲ್ ಪಾಲ್ಸಿ) ದೇಹದ ಒಂದು ಬದಿ ದುರ್ಬಲವಾಗಿರುವ ಮಕ್ಕಳಲ್ಲಿ, ಚೆನ್ನಾಗಿರುವ ಕೈಗೆ ಕೆಲವು ಹೊತ್ತು ಕೈಗವಸು ಹಾಕಿ ದುರ್ಬಲ ಕೈಯಿಂದಲೇ ಆಡಿಸುವ ಪದ್ಧತಿಗೂ ಗಟ್ಟಿ ಪುರಾವೆಯಿದೆ. ಇದನ್ನು ಥೆರಪಿಸ್ಟ್ ಹೇಳಿಕೊಟ್ಟಂತೆಯೇ ಮಾಡಬೇಕು, ಸ್ವಂತ ಪ್ರಯೋಗ ಬೇಡ.

ಗುಂಡಿಗೆ ಮರಳಿದರೆ, ಒಂದು ಚಂದದ ಉಪಾಯ ಇದೆ. ಕೊನೆಯಿಂದ ಕಲಿಸುವುದು. ಗುಂಡಿಯನ್ನು ನೀವೇ ಮುಕ್ಕಾಲು ತೂರಿಸಿ, ಕೊನೆಯ ಎಳೆತ ಮಾತ್ರ ಮಗುವಿಗೆ ಬಿಡಿ. ಮುಗಿಸಿದ್ದು ತಾನೇ ಎಂಬ ಖುಷಿ ಪ್ರತಿ ಸಲವೂ ಮಗುವಿಗೆ ಸಿಗುತ್ತದೆ. ಅದು ಪಳಗಿದ ಮೇಲೆ ಅರ್ಧಕ್ಕೆ ಬಿಡಿ, ಆಮೇಲೆ ಶುರುವಿನಿಂದ. ಜೊತೆಗೆ ವಸ್ತುವನ್ನೂ ಬದಲಿಸಬಹುದು. ದೊಡ್ಡ ಗುಂಡಿ, ಸಡಿಲ ಅಂಗಿ, ದಪ್ಪ ಹಿಡಿಯ ಚಮಚ, ಕಾಲು ಊರಲು ಸಿಗುವ ಕುರ್ಚಿ, ವೆಲ್ಕ್ರೋ ಶೂ. ಕೆಲವರಿಗೆ ಇದು ಮೋಸ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಮಗು ತಾನೇ ಶೂ ಹಾಕಿಕೊಂಡು ಆಟಕ್ಕೆ ಓಡಿದರೆ ಸಾಕಲ್ವಾ, ಲೇಸು ಆಮೇಲೆ ಕಲಿತರಾಯಿತು.

ಇದೆಲ್ಲ ಜಾಸ್ತಿ ನಡೆಯಬೇಕಾದ್ದು ಮನೆಯಲ್ಲಿ. ವಾರಕ್ಕೊಂದು ಗಂಟೆಯ ಸೆಷನ್ನಿನಲ್ಲಿ ಎಷ್ಟು ಸಲ ಗುಂಡಿ ಹಾಕಿಸಬಹುದು? ಹಾಗಾಗಿ ಪೋಷಕರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಳ್ಳುವ ಕಡೆ, ಕೊನೆಗೆ ಹತ್ತು ನಿಮಿಷವಾದರೂ ಒಳಗೆ ಬಿಡಿ ಎಂದು ಕೇಳುವುದು ಒಳ್ಳೆಯದು.

ಶುರು ಮಾಡಲು ಕಾಯಿಲೆಯ ಹೆಸರು ಗೊತ್ತಾಗಲಿ ಎಂದು ಕಾಯಬೇಕಿಲ್ಲ. ಎಳೆಯ ಮಿದುಳು ಅನುಭವಕ್ಕೆ ಬೇಗ ಬದಲಾಗುತ್ತದೆ. ಹಾಗೆಂದು 5 ವರ್ಷ ದಾಟಿದರೆ ಬಾಗಿಲು ಮುಚ್ಚಿತು ಎಂಬ ಹೆದರಿಕೆಯ ಮಾತನ್ನೂ ನಂಬಬೇಡಿ. ಎರಡು ವಿಷಯ ಕಂಡರಂತೂ ಥೆರಪಿಗಿಂತ ಮೊದಲು ವೈದ್ಯರನ್ನು ನೋಡಬೇಕು: ಬಂದಿದ್ದ ಮಾತು ಅಥವಾ ಕೆಲಸ ಮಗುವಿಗೆ ಮರೆತುಹೋಗುತ್ತಿದ್ದರೆ, ಮತ್ತು ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಬಿಟ್ಟಿದ್ದರೆ.

ಶುರುವಿನಲ್ಲೇ ಗುರಿಯನ್ನು ಬರೆದುಕೊಳ್ಳಿ. "ಕೈಯ ಕೌಶಲ ಸುಧಾರಿಸುವುದು" ಎಂದರೆ ಯಾರಿಗೂ ಅಳೆಯಲಾಗದು. "ಮೂರು ತಿಂಗಳಲ್ಲಿ ಕೆಳಗಿನ ಎರಡು ಗುಂಡಿ ತಾನೇ ಹಾಕಿಕೊಳ್ಳುವುದು" ಎಂದರೆ ಅಳೆಯಬಹುದು. ಕೆನಡಾದಲ್ಲಿ ಹುಟ್ಟಿ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಒಂದು ಮಾಪನವಿದೆ. ಮಗು ಈಗ ಎಷ್ಟು ಮಾಡುತ್ತದೆ, ಅದು ನಿಮಗೆಷ್ಟು ತೃಪ್ತಿ ಎಂದು ಕೇಳಿ 1ರಿಂದ 10ರೊಳಗೆ ಅಂಕ ಕೊಡಿಸುತ್ತಾರೆ. ಕೆಲವು ತಿಂಗಳ ಮೇಲೆ ಮತ್ತೆ ಕೇಳುತ್ತಾರೆ. 2 ಅಂಕ ಏರಿದರೆ ಲೆಕ್ಕಕ್ಕೆ ಬರುವ ಬದಲಾವಣೆ. ಏರದಿದ್ದರೆ ವಿಧಾನವನ್ನೋ ಗುರಿಯನ್ನೋ ಬದಲಿಸುವ ಮಾತಾಡಬೇಕು. ಏರಿದ್ದರೆ ಮುಂದಿನ ಗುರಿಗೆ ಹೋಗಬಹುದು, ಥೆರಪಿಯನ್ನೇ ನಿಲ್ಲಿಸಲೂಬಹುದು. ನಿಲ್ಲಿಸುವ ಮಾತನ್ನು ಥೆರಪಿಸ್ಟೇ ಎತ್ತಿದರೆ ಗಾಬರಿ ಬೇಡ. ಶಾಲೆಯಲ್ಲಿ ಬರೆಯುವುದು ಜಾಸ್ತಿಯಾಗಿ ಹೊಸ ತೊಡಕು ಕಂಡರೆ ಮತ್ತೆ ಕೆಲವು ವಾರ ಹೋಗಿ ಬರಬಹುದು.